ಕೋಡಿನ ಬುಡದ ನಂಬರು

ನಮ್ಮ ಅಜ್ಜ ಓಡುವ ಚಿಗರಿಯನ್ನು ಒಂದೇ ಗುಂಡಿಗೆ ಕೆಡವಿದ ಎಂದು ನಮ್ಮ ಬಳಗವೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಮದುವೆಯ ಪಂಗತಿಯಲ್ಲಿ ಈ ಕಥೆ ಹೇಳುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಬಂದೂಕು ಯಾರದು? ಒಬ್ಬ ಕಾಕಾ ಜಾಗೀರದಾರರದು ಎನ್ನುತ್ತಿದ್ದರು, ಇನ್ನೊಬ್ಬರು ಅಜ್ಜನದೇ ಎನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗ ನೂರು ಹೆಜ್ಜೆ ದೂರದಲ್ಲಿದ್ದ ಚಿಗರಿ ನಾನು ಕಾಲೇಜು ಸೇರುವಷ್ಟರಲ್ಲಿ ಹೊಲದ ಆ ತುದಿಗೆ ಹೋಗಿ ನಿಂತಿತ್ತು. ಸತ್ತ ಪ್ರಾಣಿ ಹಿಂದೆ ಸರಿಯುವುದಿಲ್ಲ, ಸರಿಯುವುದು ಕಥೆ. ಅಜ್ಜನ ಎಡ ಅಂಗೈಯಲ್ಲಿ ಅಡ್ಡಲಾಗಿ ಒಂದು ಹಳೆಯ ಗಾಯದ ಗುರುತಿದೆ. ಬಂದೂಕು ಒದ್ದದ್ದು ಎನ್ನುತ್ತಿದ್ದರು. ಬಂದೂಕು ಭುಜಕ್ಕೆ ಒದೆಯುತ್ತದೆ, ಅಂಗೈಗಲ್ಲ. ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಗಟ್ಟಿ ವಾದಗಳನ್ನು ನಾನು ಎರಡು ನಿಮಿಷದಲ್ಲಿ ಮುರಿದು ಬಹುಮಾನದ ಕಪ್ ತಂದವಳು.

ಆದರೆ ಅಜ್ಜ ಈ ಕಥೆಯನ್ನು ತನ್ನ ಬಾಯಿಂದ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಬೇರೆಯವರು ಹೇಳುವಾಗ ಮೀಸೆಯ ಮೇಲೆ ಕೈಯಾಡಿಸಿಕೊಂಡು ಕೂತಿರುತ್ತಿದ್ದ, ಅಷ್ಟೇ.

ಆ ಚಿಗರಿಯ ತಲೆ ಭಾಲ್ಕಿಯ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲಿತ್ತು. ತಿರುಚಿದ ಎರಡು ಉದ್ದನೆಯ ಕೋಡು, ಗಾಜಿನ ಕಣ್ಣು. ಒಂದು ಕಿವಿ ಇಲಿಯ ಪಾಲಾಗಿತ್ತು. ದಸರೆಯ ಖಂಡೆ ಪೂಜೆಯ ದಿನ ಎಲ್ಲರ ಮನೆಯಲ್ಲೂ ಕುಡಗೋಲು, ಕೊಡಲಿ, ಮೋಟಾರ್ ಸೈಕಲ್ಲು ತೊಳೆದು ಪೂಜೆಗಿಡುತ್ತಾರೆ. ನಮ್ಮಲ್ಲಿ ಅವುಗಳ ಜೊತೆ ಈ ತಲೆಯೂ ಕೆಳಗಿಳಿಯುತ್ತಿತ್ತು. ಕೋಡಿಗೆ ಕರಿ ಎಣ್ಣೆಬಣ್ಣ ಬಳಿದು, ಬುಡಕ್ಕೆ ಕುಂಕುಮ ಹಚ್ಚಿ, ಬನ್ನಿ ಎಲೆ ಸಿಕ್ಕಿಸಬೇಕು. ಹತ್ತನೆಯ ವಯಸ್ಸಿನಿಂದ ಬಣ್ಣದ ಕೆಲಸ ನನ್ನದು. ಒಂದು ಗೆರೆಯೂ ಕಾಣದಂತೆ ಬಳಿಯುತ್ತಿದ್ದೆ. ಬಂದವರೆಲ್ಲ ಹೊಗಳುತ್ತಿದ್ದರು.

ಹೋದ ವರ್ಷ ದೊಡ್ಡತ್ತಿ ಅಜ್ಜನನ್ನು ಉದಗೀರಕ್ಕೆ, ತನ್ನ ಮನೆಗೆ ಕರೆದಳು. ದೊಡ್ಡತ್ತಿ ಅಂದರೆ ಅಜ್ಜನ ಹಿರಿಯ ಮಗಳು, ನಿವೃತ್ತ ಶಿಕ್ಷಕಿ, ಇಸ್ಪೀಟಿನಲ್ಲಿ ಅವನನ್ನು ಸೋಲಿಸಬಲ್ಲ ಒಬ್ಬಳೇ ಒಬ್ಬಳು. ಅಜ್ಜನಿಗೂ ಹೋಗುವ ಮನಸ್ಸು.

"ಆದ್ರ ಚಿಗರಿ ಇಲ್ದ ನಾ ಬರಂಗಿಲ್ಲ," ಅಂದ.

"ಅದಕ್ಕೇನಪ್ಪಾ, ಚೀಲದಾಗ ಹಾಕ್ಕೊಂಡು ರೈಲ್ ಹತ್ತು. ಒಂದ್ ತಾಸಿನ ಹಾದಿ."

"ಹಾದಿ ಒಂದ್ ತಾಸಿಂದೇ ಇರ್ಲಿ ಅತ್ತಿ," ಅಂದೆ ನಾನು. "ನಡುವ ರಾಜ್ಯದ ಗಡಿ ಅದ. ಪರವಾನಗಿ ಇಲ್ದ ಒಯ್ದ್ರ ಅಜ್ಜ ಮುಟ್ಟೋದು ಉದಗೀರ ಅಲ್ಲ, ಜೇಲು."

"ಅಗಂ ಬಾಯಿ! ವಕೀಲ್ ಬಾಯಾರು ಹುಟ್ಟ್ಯಾರ ನೋಡು ನಮ್ಮ ಮನ್ಯಾಗ."

ವಕೀಲಳಾಗಲು ಇನ್ನೂ ಒಂದು ವರ್ಷವಿತ್ತು. ಬೀದರಿನಲ್ಲಿ ಕಾನೂನು ಓದುತ್ತಿದ್ದ ನಾನು ಅರ್ಜಿ ಬರೆಯುವ ಕೆಲಸವನ್ನು ಮೈಮೇಲೆ ಹಾಕಿಕೊಂಡೆ. ಕಾಯ್ದೆ ಹೇಳುವುದಿಷ್ಟು: ಚಿಗರಿ, ಅಂದರೆ ಕೃಷ್ಣಮೃಗ, ಸಂರಕ್ಷಿತ ಪ್ರಾಣಿ. ಅದರ ಹಳೆಯ ತಲೆ, ಕೋಡು ಇಟ್ಟುಕೊಂಡವರು ಅರಣ್ಯ ಇಲಾಖೆಗೆ ತಿಳಿಸಿ ಪ್ರಮಾಣಪತ್ರ ಪಡೆದಿರಬೇಕು. ಮಾರುವಂತಿಲ್ಲ, ಮಗಳಿಗೆ ಉಡುಗೊರೆಯಾಗಿ ಕೊಡುವಂತೆಯೂ ಇಲ್ಲ. ಮಾಲೀಕನೇ ಊರು ಬಿಟ್ಟು ಹೋಗುವಾಗ ಮಾತ್ರ ಪರವಾನಗಿ ಪಡೆದು ಜೊತೆಗೆ ಒಯ್ಯಬಹುದು. ಅಜ್ಜನ ಟ್ರಂಕಿನಲ್ಲಿ ಪ್ರಮಾಣಪತ್ರ ಸಿಕ್ಕಿತು, ಮಡಿಕೆಯಲ್ಲಿ ಹರಿದು ಹಳದಿಯಾಗಿದ್ದ ಕಾಗದ. ಅದರ ಮೇಲೊಂದು ನಂಬರು. ಅದೇ ನಂಬರು ಕೋಡಿನ ಬುಡದಲ್ಲೂ ಕೊರೆದಿರಬೇಕು. ಎರಡೂ ಕೂಡಿದರೆ ಮುಗಿಯಿತು, ನಾಲ್ಕು ದಿನದ ಕೆಲಸ ಎಂದು ನಾನು ಮನೆಯಲ್ಲಿ ಭಾಷಣ ಬಿಗಿದಿದ್ದೆ.

ತಪಾಸಣೆಗೆ ಬಂದ ಅರಣ್ಯ ಇಲಾಖೆಯ ಮೇಡಂ ನನಗಿಂತ ಐದಾರು ವರ್ಷಕ್ಕೆ ದೊಡ್ಡವರಿರಬೇಕು. ತಲೆಯನ್ನು ಮಂಚದ ಮೇಲಿಟ್ಟು, ಬ್ಯಾಟರಿ ಹಾಕಿ ಎರಡೂ ಕೋಡು ತಿರುವಿ ನೋಡಿದರು. ಮತ್ತೆ ನೋಡಿದರು.

"ಅಜ್ಜಾರ, ನಂಬರ್ ಎಲ್ಲಿ ಅದರಿ?"

"ಅದರಾಗೇ ಅದರಿ. ನನ್ನ ಕಣ್ಣ ಮುಂದ ಕೊರ್ದಾರ."

"ಕಾಣ್ಸಂಗಿಲ್ಲಲ್ರಿ."

ನಾನು ನಡುವೆ ಬಾಯಿ ಹಾಕಿದೆ. ಪ್ರಮಾಣಪತ್ರ ಇದೆ, ಮಾಲೀಕ ಎದುರಿಗಿದ್ದಾನೆ, ಅರ್ಧ ಶತಮಾನ ವಸ್ತು ಇದೇ ಗೋಡೆಯ ಮೇಲಿದೆ, ನೋಡಿದವರು ಊರ ತುಂಬ ಇದ್ದಾರೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ವಾದ ಚಲೋ ಮಾಡ್ತೀರಿ. ಆದ್ರ ಈ ಕಾಗದ ಈ ಕೋಡಿಂದೇ ಅಂತ ನಾ ಹ್ಯಾಂಗ ನಂಬ್ಲಿ? ಹಳೀ ಕಾಗದ ಇಟ್ಕೊಂಡು ಹೊಸಾ ತಲಿ ತೂಗಾಕೋರೂ ಇರ್ತಾರರಿ. ನಂಬರ್ ಸಿಗಲಿಲ್ಲಂದ್ರ ಇದನ್ನ ನಾ ಜಪ್ತಿ ಮಾಡ್ಬೇಕಾಗ್ತದ. ಕೇಸೂ ಆಗ್ತದ."

ಅಜ್ಜ, ಎಂಬತ್ತಾರು ವರ್ಷದ ಮನುಷ್ಯ, ಕೋರ್ಟಿನ ಮೆಟ್ಟಿಲು ನೋಡದವನು, ಎದ್ದು ನಿಂತ. ತನ್ನನ್ನು ಕಳ್ಳ ಅಂದರೇ ಎಂದು ಕೇಳುವ ಹಾಗೆ ನನ್ನ ಮುಖ ನೋಡಿದ. ಆಗ ನನಗೆ ಹೊಳೆಯಿತು. ನಂಬರನ್ನು ಮುಚ್ಚಿದ್ದು ಬೇರೆ ಯಾರೂ ಅಲ್ಲ, ಹತ್ತು ಹನ್ನೆರಡು ದಸರೆಗಳಲ್ಲಿ ಬಣ್ಣ ಬಳಿದ ನಾನೇ.

"ಮೇಡಂ, ತಪ್ಪು ನಂದರಿ," ಅಂದೆ. ನನ್ನ ಜೀವಮಾನದಲ್ಲಿ ಇಷ್ಟು ಚಿಕ್ಕ ವಾದವನ್ನು ನಾನು ಮಂಡಿಸಿರಲಿಲ್ಲ.

ಖಂಡೆ ಪೂಜೆಯ ಕಥೆ ಕೇಳಿ ಅವರಿಗೆ ನಗು ಬಂತು. ತಮ್ಮ ಎದುರಿಗೇ ಬಣ್ಣ ತೆಗೆಯುವುದಾದರೆ ಸರಿ, ಉಜ್ಜಬೇಕು, ಕೆರೆಯುವಂತಿಲ್ಲ ಅಂದರು. ಹಳೆಯ ಧೋತರದ ಚಿಂದಿ, ಟರ್ಪೆಂಟೈನು ತಂದೆ. ಎರಡು ತಾಸು ಉಜ್ಜಿದೆ. ಕರಿ ಬಣ್ಣ ಹೋಯಿತು, ಅದರಡಿ ಇನ್ನೊಂದು ಕರಿ, ಅದರಡಿ ಯಾವುದೋ ವರ್ಷದ ಕುಂಕುಮ. ದೊಡ್ಡತ್ತಿ ಫೋನಿನಲ್ಲಿ ಗದರುತ್ತಲೇ ಇದ್ದಳು: "ಚಂದಗ ತಿಕ್ಕು! ಬಳೀಲಾಕ ಉಮೇದಿ ಇತ್ತಲ್ಲಾ!" ಎಡಕೋಡಿನ ಬುಡದಲ್ಲಿ ಮೊದಲು ಒಂದು ಏಳು ಕಂಡಿತು. ಮೇಡಂ ಬಗ್ಗಿ ಒಂದೊಂದೇ ಅಂಕಿ ಓದಿದರು, ಅಜ್ಜ ಕಾಗದ ನೋಡದೆ ಪೂರ್ತಿ ನಂಬರನ್ನು ಅವರಿಗಿಂತ ಮೊದಲೇ ಹೇಳಿ ಮುಗಿಸಿದ. ಅವನಿಗೆ ಅದು ಬಾಯಿಪಾಠವಾಗಿತ್ತು.

ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಇಂಥ ತಲೆಗಳು ಇನ್ನೂ ಇದ್ದವಂತೆ. ಕಾಯ್ದೆ ಬಂದಾಗ ಒಬ್ಬರು ಅಟ್ಟಕ್ಕೇರಿಸಿದರು, ಒಬ್ಬರು ಹೂತರು. ತನ್ನ ಚಿಗರಿಯ ತಲೆಯನ್ನು ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೀದರಕ್ಕೆ ಹೋಗಿ, ಇದು ನನ್ನ ಹತ್ತಿರ ಇದೆ ಬರೆದುಕೊಳ್ಳಿ ಎಂದವನು ನಮ್ಮ ಅಜ್ಜ ಒಬ್ಬನೇ. ಗುಂಡಿನ ಕಥೆ ಹೇಳುವವರು ಯಾರೂ ಇದನ್ನು ಹೇಳಿರಲಿಲ್ಲ. ನನಗೆ ಇದನ್ನು ಹೇಳಿದ್ದು ಮೇಡಂ, ಹಳೆಯ ಕಡತ ನೋಡಿ, ಕಚೇರಿಯ ಹಳಬರನ್ನು ಕೇಳಿ.

ಆ ಕಡತವನ್ನು ನಾನೂ ನೋಡಿದೆ, ಪರವಾನಗಿಗೆ ಸಹಿ ಮಾಡಿಸಲು ಬೀದರಿನ ಕಚೇರಿಗೆ ಹೋದ ದಿನ. ಹೇಗೆ ಬಂತು ಎಂಬ ಕಲಮಿನ ಎದುರು ಅಜ್ಜನ ಅಕ್ಷರ: "ನಾನು ಹೊಡೆದದ್ದಲ್ಲ. ಔರಾದ ತಾಲೂಕು ಸಂತಪುರದ ಹತ್ತಿರ ಸೋದರಮಾವನ ಹೊಲದ ಬಾವಿಯಲ್ಲಿ ಬಿದ್ದಿತ್ತು. ಹಗ್ಗ ಹಿಡಿದು ಇಳಿದು ಎತ್ತಿದೆನು. ಮೇಲೆ ಬಂದ ಮೇಲೆ ಸತ್ತಿತು. ತಲೆ ಚಂದ ಇತ್ತೆಂದು ಇಟ್ಟುಕೊಂಡೆನು."

ನನ್ನ ಬುದ್ಧಿ ನನ್ನನ್ನು ಬಿಡಲಿಲ್ಲ. ಲೈಸೆನ್ಸಿಲ್ಲದೆ ಹೊಡೆದವನೂ ಹೀಗೇ ಬರೆಯುತ್ತಾನಲ್ಲ ಎಂದಿತು. ಆದರೆ ತಪ್ಪಿಸಿಕೊಳ್ಳುವವನು ಸತ್ತು ಬಿದ್ದಿತ್ತು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದ. ಮೇಲೆ ಬಂದ ಮೇಲೆ ಸತ್ತಿತು ಎಂಬ ಸಾಲು ಯಾವ ಸರಕಾರಕ್ಕೂ ಬೇಕಿರಲಿಲ್ಲ. ಅಂಗೈಗೆ ಅಡ್ಡಲಾಗಿ ಬೀಳುವ ಗಾಯವೂ ಹಗ್ಗದ್ದೇ. ಅಜ್ಜನ ಆ ಒಂದು ಸಾಲಿನ ಮುಂದೆ ನನ್ನ ಅನುಮಾನ ನಿಲ್ಲಲಿಲ್ಲ, ನಾನು ಸೋತೆ. ಇಷ್ಟು ಹೆಮ್ಮೆಯಿಂದ ಯಾವ ಸ್ಪರ್ಧೆಯನ್ನೂ ಗೆದ್ದಿಲ್ಲ.

ಪರವಾನಗಿ ಬಂತು. ಭಾಲ್ಕಿಯಲ್ಲಿ ರೈಲು ಹತ್ತಿದೆವು. ರಟ್ಟಿನ ಪೆಟ್ಟಿಗೆ ಅಜ್ಜನ ತೊಡೆಯ ಮೇಲೆ, ಕಾಗದ ನನ್ನ ಚೀಲದಲ್ಲಿ. ಕಮಲನಗರ ದಾಟಿತು, ಗಡಿ ದಾಟಿತು, ಯಾರೂ ಏನೂ ಕೇಳಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಎದುರಿಗೆ ಕೂತಿದ್ದ ಟೋಪಿಯ ಮನುಷ್ಯ ಮಾತ್ರ ಪೆಟ್ಟಿಗೆಯಿಂದ ಹೊರಬಂದ ಕೋಡಿನ ತುದಿ ನೋಡಿ ಕಣ್ಣರಳಿಸಿದ.

"ಶಿಕಾರಿ ಏನ್ರಿ ಅಜ್ಜಾರ? ನೀವೇ ಹೊಡ್ದದ್ದಾ?"

ಅಜ್ಜನ ಕೈ ಮೀಸೆಗೆ ಹೋಯಿತು. ಅಡ್ಡ ಗಾಯದ ಅದೇ ಎಡಗೈ. ನಾನು ಅವನ ಕಿವಿಯ ಹತ್ತಿರ ಬಗ್ಗಿದೆ.

"ಅಜ್ಜಾ, ಸರಕಾರದ ಮುಂದ ಖರೇ ಬರ್ದು ಕೊಟ್ಟಾಂವ ನೀ. ಹಂಗಂದ್ರ ನಮ್ಮ ಮುಂದ ಇಷ್ಟ್ ವರ್ಷ ಆ ಗುಂಡಿನ ಕಥಿ ಯಾಕ ಕೇಳ್ಕೋತ ಕುಂತಿ?"

"ಸುಳ್ಳ ನಾ ಹೇಳಿಲ್ಲಲ್ಲ, ಕೇಳ್ಲಾಕ ಅಷ್ಟೇ ಚಂದ ಇತ್ತು," ಅಂದ ಅಜ್ಜ, ಮೀಸೆಯಿಂದ ಕೈ ತೆಗೆಯದೆ.