ಶಹಾಬಾದ್ ಖಣಿಯ ಹದಿನಾಲ್ಕು ಚಿತ್ರಗಳು

ನನ್ನ ಸೋದರಮಾವ ಶಹಾಬಾದಿನ ನೆಲಕ್ಕೆ ಹಾಸುವ ಪರಸಿಕಲ್ಲಿನ ಒಂದು ಖಣಿಯಲ್ಲಿ ಮುಕಾದಮರಾಗಿದ್ದರು. ಬೆಳಿಗ್ಗೆ ಹಾಜರಿ ಹಾಕಿ ಕಲ್ಲು ಒಡೆಯುವವರನ್ನು ಕೆಲಸಕ್ಕೆ ಹಚ್ಚುವುದು ಅವರ ಕೆಲಸ. ಖಣಿ ಮುಚ್ಚುವುದು ಖಚಿತವಾದ ಮೇಲೆ ಸೇಡಮ್ಮಿನಲ್ಲಿದ್ದ ನನಗೆ ಫೋನ್ ಮಾಡಿದರು.

"ಅಳಿಯಾ, ಶನಿವಾರ ನೀರೆತ್ತೋ ಪಂಪ್ ಒಯ್ತಾರ. ಆಮ್ಯಾಗ ಖಣಿ ತುಂಬಿ ಕೆರಿ ಆಗ್ತದ. ಶುಕ್ರವಾರ ಬಂದು ಒಂದ್ ಫೋಟೋ ತಗಿ. ಇಪ್ಪತ್ತಾರೂ ಮಂದಿ ಮಾರಿ ಕಾಣ್ಬೇಕು ನೋಡು."

ನಾನು ದಿನಚರಿಯಲ್ಲಿ ಬರೆದಿಟ್ಟ ಲೆಕ್ಕದಂತೆ ಅಷ್ಟರೊಳಗೆ ಹನ್ನೊಂದು ಪನೋರಮಾ ಜೋಡಿಸಿದ್ದೆ. ಆರು ಚಂದ್ರಂಪಳ್ಳಿ ಜಲಾಶಯದ್ದು, ಐದು ಕೋಡ್ಲಾದ ಹೊಲಗಳದ್ದು. ಮನುಷ್ಯರದ್ದು ಒಂದೂ ಇರಲಿಲ್ಲ. ನೀರು ಮತ್ತು ಹೊಲ ನಿಂತಲ್ಲೇ ನಿಲ್ಲುತ್ತವೆ.

ವಿಧಾನ ಸರಳ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಂದೊಂದೇ ಚಿತ್ರ ತೆಗೆಯಬೇಕು. ಆಮೇಲೆ ಕಂಪ್ಯೂಟರ್ ಅವನ್ನು ಒಂದಾಗಿ ಹೊಲಿಯುತ್ತದೆ. ಒಬ್ಬ ಕಣ್ಣು ಮುಚ್ಚಿದರೆ ಇನ್ನೊಂದು ಇರಲಿ ಎಂದು, ಪ್ರತಿಯೊಬ್ಬನೂ ಎರಡು ಚಿತ್ರಗಳಲ್ಲಿ ಬರುವಂತೆ ನಾನು ಲೆಕ್ಕ ಹಾಕಿದ್ದೆ.

ಶುಕ್ರವಾರ ಹತ್ತು ಗಂಟೆಗೆ ಇಪ್ಪತ್ತೈದು ಮಂದಿ ಸಾಲಾಗಿ ನಿಂತರು. ಬಲತುದಿಯ ಜಾಗ ಮಾಮಾನದು. ನಾನು ಮೊದಲ ಚಿತ್ರ ತೆಗೆಯುತ್ತಿದ್ದಂತೆ ಅವರು ಚಹಾದ ಕಿಟ್ಲಿ ಹಿಡಿದು ಎಡತುದಿಗೆ ಬಂದರು.

"ಮಾಮಾ, ನಿಮ್ಮ ಜಾಗಕ್ಕ ಹೋಗ್ರಿ."

"ನೀ ತಗೀತಿರು. ಬಿಸಲಾಗ ನಿಂತಾರ, ಚಾ ಇಲ್ದ ಹೆಂಗ?"

"ಹೆಂಡ್ತಿ ಮಾತು ಕೇಳ್ದವ್ರಲ್ಲ, ನಿನ್ನ ಮಾತು ಕೇಳ್ತಾರ?" ಎಂದು ಸಾಲಿನಿಂದ ಒಬ್ಬರು ಕೂಗಿದರು.

ಮೋಡ ಬರುತ್ತಿತ್ತು. ಬೆಳಕು ಬದಲಾದರೆ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ನಾನು ನಿಲ್ಲಿಸಲಿಲ್ಲ. ಕ್ಯಾಮೆರಾ ತಿರುಗಿದ ವೇಗದಲ್ಲೇ ಮಾಮಾನೂ ಬಲಕ್ಕೆ ಸರಿದರು. ಹದಿನಾಲ್ಕನೆಯ ಚಿತ್ರಕ್ಕೆ ಅವರು ಖಾಲಿ ಕಿಟ್ಲಿಯೊಂದಿಗೆ ತಮ್ಮ ಜಾಗದಲ್ಲಿ ನಿಂತು ನಕ್ಕರು. ಅಷ್ಟರಲ್ಲಿ ಪಂಪ್ ಒಯ್ಯುವ ಲಾರಿ ಒಂದು ದಿನ ಮೊದಲೇ ಬಂತು. ಎಲ್ಲರೂ ಅತ್ತ ಹೋದರು; ಇನ್ನೊಮ್ಮೆ ತೆಗೆಯಲಾಗಲಿಲ್ಲ.

ಮನೆಯಲ್ಲಿ ಜೋಡಿಸಿದಾಗ ಮಾಮಾ ಹದಿಮೂರು ಕಡೆ ಇದ್ದರು. ಒಂದು ಚಿತ್ರದಲ್ಲಿ ಅವರ ಬೆನ್ನ ಹಿಂದೆ ಮರೆಯಾದ ಮುಖ ಪಕ್ಕದ ಚಿತ್ರದಲ್ಲಿ ಸಿಗುತ್ತಿತ್ತು. ಹಾಗೆ ಅವರನ್ನು ಒಂದೊಂದಾಗಿ ಅಳಿಸುತ್ತ ಬಂದೆ. ಒಂಬತ್ತು ಮತ್ತು ಹತ್ತರಲ್ಲಿ ಮಾತ್ರ ಅವರು ಒಂದೇ ಕಡೆ ನಿಂತಿದ್ದರು. ಎರಡರಲ್ಲೂ ಮುಚ್ಚಿಹೋಗಿದ್ದವನು, ಎರಡು ವರ್ಷದ ಹಿಂದೆ ತಡವಾಗಿ ಬಂದದ್ದಕ್ಕೆ ಮಾಮಾ ಅರ್ಧ ಹಾಜರಿ ಹಾಕಿದ ಕಲ್ಲುಕುಟಿಗ. ಅಂದಿನಿಂದ ಅವನು ಇವರೊಡನೆ ಮಾತು ಬಿಟ್ಟಿದ್ದ. ಒಂಬತ್ತರಲ್ಲಿ ಚಹಾದ ಕಪ್ಪು ಮಾಮಾನ ಕೈಯಲ್ಲೇ ಇದೆ. ಹತ್ತರಲ್ಲಿ ಅದನ್ನು ಹಿಡಿದ ಇನ್ನೊಂದು ಕೈ ಕಾಣುತ್ತದೆ. ಅವನದೆಂದು ಕಾಣುವುದು ಅಷ್ಟೇ.

ಭಾನುವಾರ ಲ್ಯಾಪ್‌ಟಾಪ್ ಒಯ್ದು ತೋರಿಸಿದೆ. ಮಾಮಾ ಬೆರಳಿಟ್ಟು ಎಣಿಸಿದರು.

"ಇಪ್ಪತ್ತೇಳು ಆಗ್ತಾವಲ್ಲ?"

"ನೀವು ಎರಡು ಸಲ ಇದ್ದೀರಿ. ನಡುವ ಬೆನ್ನು, ತುದಿಗೆ ಮಾರಿ. ಬೆನ್ನು ತಗದ್ರ ಹಿಂದ ನಿಂತವ್ರ ಕೈನೂ ಹೋಗ್ತದ."

"ಒಬ್ಬಂಗ ಎರಡು ಹಾಜರಿ ನಾ ಎಂದೂ ಹಾಕಿಲ್ಲ. ತುದೀದು ತಗಿ."

ನಗುತ್ತಿದ್ದ ಮುಖ ಅದೊಂದೇ ಎಂದೆ. ಅವರು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಾನು ಅಲ್ಲೇ ಅಳಿಸಿದೆ. ಇಬ್ಬರೂ ಆ ಕಲ್ಲುಕುಟಿಗನ ಮನೆಗೆ ಹೋದೆವು.

ಅವನು ನನಗೆ ಮಾತ್ರ "ಬರ್ರಿ, ಕುಂದ್ರಿ" ಎಂದ. ನಾನು ಚಿತ್ರವನ್ನು ದೊಡ್ಡದು ಮಾಡುತ್ತ ಹೋದೆ. ಉಗುರಿನೊಳಗಿನ ಕಲ್ಲಿನ ಪುಡಿ ಕಂಡಿತು. ತುದಿಯಿಲ್ಲದ ತೋರುಬೆರಳು ಕಂಡಿತು. ಅವನು ತನ್ನ ಕೈಯನ್ನೂ ಪರದೆಯನ್ನೂ ಒಮ್ಮೆ ನೋಡಿದ.

"ನಂದೇ," ಎಂದ. ಆಮೇಲೆ ಮಾಮಾನ ಕಡೆ ತಿರುಗಿದ. "ಮುಕಾದಮ್ರೇ, ಬರೇ ಕೈ ಬಂದದ. ಇದು ಅರ್ಧಾನೋ, ಪೂರಾನೋ?"

"ಪೂರಾ," ಎಂದರು ಮಾಮಾ.

ಒಳಗಿನಿಂದ ಚಹಾ ಬಂತು. ಮಾಮಾ ತಡಮಾಡದೆ ತೆಗೆದುಕೊಂಡರು.

ಆ ದಿನದ ದಿನಚರಿ: ಮುಖ ಇಪ್ಪತ್ತನಾಲ್ಕು, ಬೆನ್ನು ಒಂದು, ಕೈ ಒಂದು. ಹಾಜರಿ ಇಪ್ಪತ್ತಾರು.