ಹೊನವಾಡದ ಕಡೆಗೆ ಬಾಗಿದ ಹಳಿ

ಮೊನ್ನೆ ಹೊಲಿಗೆ ಯಂತ್ರದ ರಿಪೇರಿಯವನು ಬಂದು ನಮ್ಮ ಮನೆಯ ಹಳೆಯ ಯಂತ್ರವನ್ನು ಬಿಚ್ಚಿ, ಪಡಸಾಲೆಯ ತುಂಬ ಹರವಿಕೊಂಡು ಕೂತಿದ್ದ. ಉದ್ದ ಮೂತಿಯ ಡಬ್ಬಿಯಿಂದ ನಾಲ್ಕು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ್ದೇ ತಡ, ಆ ತೆಳುವಾದ ವಾಸನೆ ಮನೆಯೆಲ್ಲ ಹಬ್ಬಿತು. ಸೊಸೆ ಮೂಗು ಮುರಿದು ಕಿಟಕಿ ತೆರೆಯಲು ಹೋದಳು. ಬೇಡ, ಇರಲಿ ಬಿಡು ಎಂದೆ. ತಿಕೋಟಾದ ಗಿರಣಿ ಕಾಕಾ ತಮ್ಮ ಕೀಲಿ ಕೊಡುವ ರೈಲಿಗೆ ಇದೇ ಎಣ್ಣೆ ಹಾಕುತ್ತಿದ್ದರು… ಒಂದು ಹನಿ ಚಕ್ರಕ್ಕೆ, ಎರಡು ಹನಿ ತಮ್ಮ ಧೋತರಕ್ಕೆ.

ಕಾಕಾ ಎಂದರೆ ನನ್ನ ಬಳಗದವರಲ್ಲ, ಊರಿಗೆಲ್ಲ ಕಾಕಾ. ಅರವತ್ತರ ದಶಕದ ಆರಂಭದಲ್ಲಿ ನಾನು ತಿಕೋಟಾದ ಶಾಲೆಗೆ ಚಿತ್ರಕಲೆಯ ಮಾಸ್ತರನಾಗಿ ಹೋದಾಗ, ಅವರ ಹಿಟ್ಟಿನ ಗಿರಣಿಯ ಹಿಂದಿನ ಖೋಲಿಯನ್ನೇ ಬಾಡಿಗೆಗೆ ಹಿಡಿದಿದ್ದೆ. ಗಿರಣಿ ಶುರುವಾದರೆ ನನ್ನ ಗೋಡೆ ನಡುಗುತ್ತಿತ್ತು, ಕುಂಚ ನಡುಗುತ್ತಿತ್ತು, ಹಾಗಾಗಿ ನೇರವಾದ ಗೆರೆಗಳನ್ನೆಲ್ಲ ನಾನು ಎಂಜಿನ್ ನಿಂತ ಮೇಲೆ ಎಳೆಯುತ್ತಿದ್ದೆ. ಕಾಕಾನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಜೋಳದ ಹಿಟ್ಟಿನಿಂದ ಬಿಳಿ. ಹರೆಯದಲ್ಲಿ ಕೆಲವು ವರ್ಷ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ದುಡಿದು, ಒಂದಿಷ್ಟು ಮರಾಠಿಯನ್ನೂ ಜಗತ್ತಿನ ಎಲ್ಲ ವಿಷಯದಲ್ಲೂ ಖಚಿತ ಅಭಿಪ್ರಾಯವನ್ನೂ ಸಂಪಾದಿಸಿಕೊಂಡು ಬಂದಿದ್ದರು. ಸಂಜೆಗೆ ಮಳೆ ಬರುತ್ತದೆ ಎಂದು ಅವರು ಹೇಳಿ, ಬಾರದಿದ್ದರೆ ತಪ್ಪು ಆಕಾಶದ್ದು. "ನನಗೆ ಗೊತ್ತಿಲ್ಲ" ಎಂಬ ಮಾತನ್ನು ನಾನು ಅವರ ಬಾಯಲ್ಲಿ ಒಂದೇ ಒಂದು ಸಲ ಕೇಳಿದ್ದೇನೆ. ಆ ಕಥೆಯನ್ನೇ ಈಗ ಹೇಳಹೊರಟಿರುವುದು.

ಅವರಿಗೆ ತಿಕೋಟಾಕ್ಕೆ ರೈಲು ಬೇಕಿತ್ತು. ವಿಜಾಪುರದಿಂದ (ಆಗ ನಾವೆಲ್ಲ ಹಾಗೇ ಎನ್ನುತ್ತಿದ್ದೆವು) ಒಂದು ಹಳಿ ಹೊರಟು ತಿಕೋಟಾಕ್ಕೆ ಬಂದು, ಅಲ್ಲಿಂದ ಬಬಲೇಶ್ವರಕ್ಕೆ ಹೋಗಬೇಕು. ಶೇಂಗಾ, ಹತ್ತಿಯ ಚೀಲಗಳು ಬಂಡಿಯಲ್ಲಿ ಕುಲುಕುವುದು ತಪ್ಪಬೇಕು. ಬೇನೆ ಬಿದ್ದವರು ದವಾಖಾನೆಗೆ ಮಲಗಿಕೊಂಡೇ ಹೋಗಬೇಕು. ಬರೆದ ಅರ್ಜಿಗಳಿಗೆಲ್ಲ ಅರ್ಜಿ ತಲುಪಿದೆ ಎಂಬ ಉತ್ತರ ಬರುತ್ತಿತ್ತು, ಮುಂದೆ ಸುದ್ದಿ ಇಲ್ಲ. ಅಷ್ಟರಲ್ಲಿ ರೈಲ್ವೆಯ ದೊಡ್ಡ ಸಾಹೇಬರೊಬ್ಬರು ಬೇಸಿಗೆಗೆ ಮುಂಚೆ ಈ ಕಡೆ ಪ್ರವಾಸ ಬರುತ್ತಾರೆ, ತಿಕೋಟಾದಲ್ಲಿ ಅರ್ಧ ತಾಸು ನಿಲ್ಲುತ್ತಾರೆ ಎಂದು ತಿಳಿಯಿತು. ಕಾಗದವಾದರೆ ದಾರ ಕಟ್ಟಿ ಕಪಾಟಿಗೆ ಹಾಕುತ್ತಾರೆ, ಕಣ್ಣ ಮುಂದೆ ರೈಲನ್ನೇ ಓಡಿಸಿ ತೋರಿಸಿದರೆ ಎಲ್ಲಿ ಹಾಕುತ್ತಾರೆ ಎಂದು ಕಾಕಾ ತರ್ಕ ಮಾಡಿದರು. ಒಂದು ಮಾದರಿ ರೈಲುಮಾರ್ಗ ಮಾಡುವುದು ಎಂದು ಅಂದೇ ನಿಶ್ಚಯವಾಯಿತು.

ಕಾಕಿ ರೊಟ್ಟಿ ಬಡಿಯುತ್ತ ಒಳಗಿಂದಲೇ ಅಂದಿದ್ದರು, "ಗಿರಣಿ ಪಟ್ಟಾ ಹರದ ಎಂಟ ದಿನಾ ಆತು. ಮೊದಲ ಅದನ್ನ ಹೊಲಸ್ರಿ, ಆಮ್ಯಾಲ ರೈಲು ತರೂಣಂತ." ಕಾಕಿಗೆ ಆ ರೈಲಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಗಂಡನ ಎದುರಿಗೇ ಅದನ್ನು ಹೇಳುತ್ತಿದ್ದರು, ನೆರೆಹೊರೆಗೂ ಹೇಳುತ್ತಿದ್ದರು.

ಈ ಕೆಲಸಕ್ಕೆ ತಜ್ಞನಾಗಿ ನನ್ನ ನೇಮಕವಾಯಿತು. ನಾನು ಇಬ್ರಾಹಿಂಪುರದವನು, ರೈಲು ಹಳಿಯ ಪಕ್ಕದಲ್ಲೇ ಹುಟ್ಟಿ ಬೆಳೆದವನು ಎಂಬುದೇ ಅರ್ಹತೆ. ರೈಲು ಹೋಗುವಾಗ ಪಾತ್ರೆ ಅಲುಗಾಡುತ್ತವೆ ಎನ್ನುವುದರಾಚೆ ನನಗೆ ಏನೂ ತಿಳಿಯದು ಎಂದರೆ, ಅದು ವಿನಯ ಎಂದು ಕಾಕಾ ತೆಗೆದುಹಾಕಿದರು.

ಆ ಚಳಿಗಾಲದಲ್ಲಿ ವಿಜಾಪುರದ ಒಂದು ಹತ್ತಿ ಗಿರಣಿಯ ಆವಾರದಲ್ಲಿ ಮುಂಬಯಿ, ಪುಣೆ ಕಡೆಯ ವ್ಯಾಪಾರಿಗಳು ಕೂಡಿ ಮಾದರಿ ರೈಲುಗಳ ಪ್ರದರ್ಶನ ಹಾಕಿದ್ದರು. ಕಾಕಾ ಇಸ್ತ್ರಿ ಧೋತರ, ಕರಿ ಟೊಪ್ಪಿಗೆ, ಮದುವೆಗೆ ಮಾತ್ರ ತೆಗೆಯುವ ಕೋಟು ತೊಟ್ಟು ಹೊರಟರು. ಒಳಗೆ ಕಾಲಿಟ್ಟರೆ ಉದ್ದುದ್ದ ಮೇಜುಗಳ ಮೇಲೆ ಬೇರೆಯೇ ಒಂದು ಪ್ರಪಂಚ. ತಗಡಿನ ಸೇತುವೆ, ರಟ್ಟಿನ ಗುಡ್ಡ, ಗುಡ್ಡದೊಳಗೆ ಬೋಗದೆ, ಕೈ ಎತ್ತಿ ಇಳಿಸುವ ಸಿಗ್ನಲ್ಲು, ಬೆರಳಿನುದ್ದದ ಸ್ಟೇಷನ್ ಮಾಸ್ತರ. ಕೀಲಿ ಕೊಟ್ಟ ಎಂಜಿನ್‌ಗಳು ಕಿರಗುಟ್ಟುತ್ತ ಸುತ್ತುತ್ತಿದ್ದವು. ಶ್ರೀಮಂತರ ಮಕ್ಕಳು ಅಪ್ಪಂದಿರ ಕೈ ಜಗ್ಗುತ್ತಿದ್ದರು, ಕಾಕಾ ನನ್ನ ಕೈ ಜಗ್ಗುತ್ತಿದ್ದರು. ಎತ್ತು ಕೊಳ್ಳುವವರ ಹಾಗೆ ಒಂದೊಂದು ಎಂಜಿನನ್ನೂ ಮಗುಚಿ, ಒಳಗಿನ ಹಲ್ಲು ನೋಡಿ, ಬೇಡವೆಂದು ಮುಂದೆ ಹೋಗುತ್ತಿದ್ದರು. ಕೊನೆಗೆ ಹಸಿರು ಬಣ್ಣದ್ದೊಂದು ಅವರ ಮನಸ್ಸಿಗೆ ಬಂತು.

ತೊಡಕು ಬಂದದ್ದು ಹಳಿಯಲ್ಲಿ. ಎಲ್ಲ ಮಳಿಗೆಯಲ್ಲೂ ಬಾಗಿದ ಹಳಿಗಳ ರಾಶಿ, ನೆಟ್ಟಗಿನವು ಬೆರಳೆಣಿಕೆಯಷ್ಟು. ಆಟದ ರೈಲು ಸುತ್ತು ಹಾಕುವುದಕ್ಕೇ ಇರುವುದು, ನೆಟ್ಟಗಿನ ಹಳಿ ಯಾರಿಗೆ ಬೇಕು ಎಂದು ಪುಣೆಯ ವ್ಯಾಪಾರಿ ಕೇಳಿದ. ಕಾಕಾ ಮೊದಲು ಅವನಿಗೆ ಮರಾಠಿಯಲ್ಲಿ ಹೇಳಿ, ಆಮೇಲೆ ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲೂ ಹೇಳಿದರು: "ನಮಗ ಸುತ್ತೋ ರೈಲು ಬ್ಯಾಡ, ಹೋಗೋ ರೈಲು ಬೇಕು."

ವ್ಯಾಪಾರಿ ನಕ್ಕ. ಮಳಿಗೆ ಮಳಿಗೆ ತಿರುಗಿದರೂ ನೆಟ್ಟಗಿನವು ವಿಜಾಪುರದಿಂದ ತಿಕೋಟಾದವರೆಗೆ ಸಾಕಾಗುವಷ್ಟೇ ಸಿಕ್ಕವು. ಉಳಿದ ದಾರಿಗೆ ಬಾಗಿದವನ್ನೇ ಕಟ್ಟಿಸಿಕೊಂಡೆವು. ಒಂದು ಸಿಗ್ನಲ್ಲು, ಒಂದು ಸೇತುವೆ, ಸ್ಟೇಷನ್ ಮಾಸ್ತರ ಕೂಡ ಬಂದರು. ಬಸ್ಸಿನಲ್ಲಿ ಕಾಕಾ ಆ ಗಂಟನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ.

ಗಿರಣಿಯ ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿ, ಅದರ ಮೇಲೆ ನಾನು ಕಪ್ಪು ಎರೆಭೂಮಿ ಬಳಿದೆ, ಜೋಳದ ಹೊಲಕ್ಕೆ ಹಸಿರು ಚುಕ್ಕೆ ಇಟ್ಟೆ, ಡೋಣಿ ನದಿಗೆ ನೀಲಿ ಪಟ್ಟಿ ಎಳೆದೆ. ಹಳಿ ಜೋಡಿಸಿದೆವು. ವಿಜಾಪುರದಿಂದ ತಿಕೋಟಾದವರೆಗೆ ರೈಲು ಬಾಣದ ಹಾಗೆ ಬಂತು. ಮುಂದೆ ಬಬಲೇಶ್ವರಕ್ಕೆ ಇಳಿಯಬೇಕಲ್ಲ, ಬಾಗಿದ ಹಳಿಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಇಟ್ಟರೆ ಹಳಿ ಕೂಡಿದಲ್ಲೆಲ್ಲ ಎಂಜಿನ್ ಎಡವಿ ಮಗುಚುತ್ತಿತ್ತು. ನಾಲ್ಕಾರು ಹಳಿಗಳನ್ನು ಒಂದೇ ಕಡೆ ಬಾಗಿಸಿದರೆ ಮಾತ್ರ ಸುಸೂತ್ರ. ಹಾಗೆ ಮಾಡಿದಾಗ ಮಾರ್ಗ ತಿಕೋಟಾ ದಾಟಿ ಪಡುವಲಕ್ಕೆ ದೊಡ್ಡ ಹೊಟ್ಟೆ ಬಿಟ್ಟು, ಆಮೇಲೆ ತಿರುಗಿ ಬಬಲೇಶ್ವರಕ್ಕೆ ಬಂತು. ಆ ಹೊಟ್ಟೆಯ ಹತ್ತಿರ ಖಾಲಿ ಜಾಗ ಕಂಡು, ಬರಿದೇ ಯಾಕೆ ಬಿಡುವುದು, ಆ ದಿಕ್ಕಿನ ಹಳ್ಳಿ ಹೊನವಾಡದ ಹೆಸರು ಬರೆಯಿರಿ ಮಾಸ್ತರ ಎಂದರು ಕಾಕಾ. ದುಂಡಗೆ ಬರೆದೆ.

ಬೀಸಲು ಬಂದವರೆಲ್ಲ ಅದನ್ನು ನೋಡತೊಡಗಿದರು. ಕಾಕಾ ಕೀಲಿ ಕೊಟ್ಟು ಓಡಿಸುತ್ತಿದ್ದರು, ಜನ ಬುಟ್ಟಿ ಬದಿಗಿಟ್ಟು ನಿಲ್ಲುತ್ತಿದ್ದರು. ಕೆಲವು ವಾರಗಳಲ್ಲಿ ಅದು ಕಾಕಾನ ರೈಲು ಹೋಗಿ ಸರಕಾರದ ನಕ್ಷೆಯಾಗಿಬಿಟ್ಟಿತು. ಬಣ್ಣ ಇದೆ, ಸೇತುವೆ ಇದೆ, ಮಾಸ್ತರ ಬರೆದ ಅಕ್ಷರ ಇದೆ, ಇನ್ನೇನು ಬೇಕು? ಹಳಿಯಿಂದ ದೂರ ನಾನು ಹೆಸರು ಬರೆದಿದ್ದ ನಿಡೋಣಿ ಹಳ್ಳಿಯವರು ತಕರಾರು ತಂದರು. ರೈಲು ನಮ್ಮನ್ನು ಬಿಟ್ಟು ಹೋಗುವುದು ಯಾವ ನ್ಯಾಯ ಎಂದು ಕೇಳಿದರು. ಅವರಲ್ಲೊಬ್ಬರು ನನ್ನನ್ನು ಬದಿಗೆ ಕರೆದು, ನಿಡೋಣಿಯ ಹೆಸರನ್ನು ಹಳಿಯ ಕಡೆ ಚೂರು ಸರಿಸಲು ಬರುತ್ತದೆಯೇ ಎಂದು ವಿನಂತಿಸಿದರು. ಒಂದು ಬೆರಳು ಸರಿಸಿಕೊಟ್ಟೆ. ಹೊನವಾಡದವರಿಗಂತೂ ಹಿಗ್ಗಿಗೆ ನೆಲ ಕಾಣುತ್ತಿರಲಿಲ್ಲ. ಸಾಹೇಬರು ಬರುವ ದಿನ ಊರಿನ ಬಂಡಿಯಷ್ಟನ್ನೂ ಕಟ್ಟಿಕೊಂಡು, ವಾಜಂತ್ರಿ ಸಮೇತ ಬರುತ್ತೇವೆ ಎಂದು ಮಾತು ಕೊಟ್ಟಿದ್ದರು. ಜನ ಇಲ್ಲದಲ್ಲಿ ರೈಲು ಯಾಕೆ ಎಂದು ಸಾಹೇಬರು ಕೇಳಬಾರದು, ಹಾಗಾಗಿ ಕಾಕಾಗೆ ಆ ಬಂಡಿಗಳು ಬೇಕೇ ಬೇಕಾಗಿದ್ದವು.

ಸಾಹೇಬರು ಬರಲು ಇನ್ನು ಕೆಲವೇ ದಿನ ಇದ್ದಾಗ, ಸಂತೆಯ ದಿನ, ಗಿರಣಿ ಕಿಕ್ಕಿರಿದಿತ್ತು. ಹೊನವಾಡದ ಒಬ್ಬ ಮುದುಕಿ ಒಳಗೆ ಬಂದಳು. ಗಂಡ ತೀರಿದ ಮೇಲೆ ತಾನೇ ನಿಂತು ಹೊಲ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಕಾಕಾನ ಕೈಗೆ ಮೊಸರಿನ ಗಡಿಗೆ ಕೊಟ್ಟಳು.

"ನಿಮ್ಮ ರೈಲು ನನ್ನ ಹೊಲದಾಗ ಹಾದು ಹೊಂಟೈತಂತ. ಬಾವಿ ತೋಡಸಾಕತ್ತಿದ್ದೆ, ನಿಲ್ಲಿಸೇನ್ರಿ. ರೈಲು ಬರೂ ಜಾಗಾದಾಗ ತಗ್ಗ ಯಾಕ?"

ಅರ್ಧ ತೋಡಿದ ಬಾವಿ. ಬೇಸಿಗೆ ಎದುರಿಗಿತ್ತು. ತೋಡುವ ತಂಡಕ್ಕೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದು ಹೇಳಿಯೂ ಆಗಿತ್ತು. ಅವಳ ಮುಖದಲ್ಲಿ ಮಾತ್ರ ಚಿಂತೆಯ ಸುಳಿವಿಲ್ಲ, ಹಿರಿಹಿರಿ ಹಿಗ್ಗುತ್ತಿದ್ದಳು. ಕಾಕಾ ಗಡಿಗೆ ಹಿಡಿದುಕೊಂಡೇ ನಿಂತರು. ಊರಿನ ಹಿರಿಯರೊಬ್ಬರು ಹತ್ತಿರ ಸರಿದು, ಸಾಹೇಬರು ಬಂದು ಹೋಗಲಿ, ಆಮೇಲೆ ಹೇಳಿದರಾಯಿತು, ನಾಲ್ಕು ದಿನಕ್ಕೆ ಬಾವಿ ಎಲ್ಲಿ ಓಡಿಹೋಗುತ್ತದೆ ಎಂದು ಕಿವಿಯಲ್ಲಿ ಹೇಳಿದರು. ತಂಡ ಒಂದು ಸಲ ದೂರ ಹೋದರೆ ಮಳೆಗಾಲದವರೆಗೆ ಮರಳುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಕಾಕಾಗೂ ಗೊತ್ತಿತ್ತು.

ಕಾಕಾ ಹೋಗಿ ಗಿರಣಿಯ ಎಂಜಿನ್ ಬಂದ್ ಮಾಡಿದರು. ಸಂತೆಯ ದಿನ ನಡುಮಧ್ಯಾಹ್ನ ಗಿರಣಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಹೊರಗಿದ್ದವರೂ ಒಳಗೆ ಬಂದರು. ಕಾಕಾ ಬಾಗಿಲ ಹಲಗೆಯ ಮುಂದೆ ನಿಂತು, ಹೊನವಾಡದ ಹತ್ತಿರದ ಬಾಗಿದ ಹಳಿಗಳನ್ನು ಒಂದೊಂದಾಗಿ ಕಿತ್ತು ಕೈಯಲ್ಲಿ ಹಿಡಿದರು.

"ಎಲ್ಲಾರೂ ಕೇಳ್ರಿ. ಇದು ಸರಕಾರ ಬಾಗಿಸಿದ್ದಲ್ಲ. ಅಂಗಡ್ಯಾಂವನ ಕಡೆ ನೆಟ್ಟಗಿನ ಹಳಿ ಸಿಗಲಿಲ್ಲ, ಅದಕ್ಕ ಬಾಗೇತಿ. ಹೊನವಾಡದ ಹೆಸರು ನಾನ ಬರಿಸೇನಿ, ಜಾಗಾ ಖಾಲಿ ಇತ್ತಂತ. ರೈಲು ಎಲ್ಲಿ ಬರತೈತಿ, ಬರತೈತೋ ಇಲ್ಲೋ… ನನಗ ಗೊತ್ತಿಲ್ಲ."

ಆಮೇಲೆ ಮುದುಕಿಯ ಕಡೆ ತಿರುಗಿ, "ಯವ್ವಾ, ನೀ ಮೊದಲ ಬಾವಿ ತೋಡಸು," ಎಂದರು.

ಮೊದಲು ಯಾರೋ ಪಕ್ಕನೆ ನಕ್ಕರು. ಹೊನವಾಡದ ಗಂಡಸರು ನಗಲಿಲ್ಲ. ನಮ್ಮನ್ನು ಮಂಗ ಮಾಡಿದಿರಿ ಎಂದು ಕೂಗಾಡಿ, ಬೀಸದ ಜೋಳವನ್ನೇ ಹೊತ್ತು ನಡೆದರು. ಮುದುಕಿ ಬಹಳ ಹೊತ್ತು ಕಾಕಾನ ಕೈಯಲ್ಲಿದ್ದ ಹಳಿಗಳನ್ನು ನೋಡಿದಳು. ಕೊನೆಗೆ, ಮೊಸರು ಮಾತ್ರ ತಿರುಗಿ ಒಯ್ಯುವುದಿಲ್ಲ, ಗಡಿಗೆ ಕೊಡಿ ಎಂದಳು. ಮರುದಿನ ಬೆಳಿಗ್ಗೆ ಕಾಕಾ ಮೊದಲ ಬಸ್ಸಿಗೇ ಹೊನವಾಡಕ್ಕೆ ಹೋಗಿ, ಗಂಟು ಕಟ್ಟುತ್ತಿದ್ದ ಆ ತಂಡದವರ ಕೈಕಾಲು ಹಿಡಿದು ನಿಲ್ಲಿಸಿದರು.

ಸಾಹೇಬರು ಬಂದರು. ಹೊನವಾಡದಿಂದ ಒಂದು ಬಂಡಿಯೂ ಬರಲಿಲ್ಲ. ಕಾಕಾಗೇ ಗೊತ್ತಿಲ್ಲವಂತೆ ಎಂಬ ಸುದ್ದಿ ಹಬ್ಬಿ ಉಳಿದ ಹಳ್ಳಿಯವರೂ ಬರಲಿಲ್ಲ. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾನು ಮಾನ ಕಾಪಾಡಲು ನೋಡಿದೆ. ಕಾಕಾ ಕೀಲಿ ಕೊಟ್ಟರು. ಹಸಿರು ಎಂಜಿನ್ ತಿಕೋಟಾದವರೆಗೆ ಬಂದು, ಹಳಿ ಮುಗಿದಲ್ಲಿ ಕಪ್ಪು ಎರೆಯೊಳಗೆ ಮಗುಚಿಕೊಂಡಿತು. ಮುಂದಿನ ಹಳಿ ಎಲ್ಲಿ ಎಂದು ಸಾಹೇಬರು ಕೇಳಿದರು. ಅದನ್ನು ನೀವು ಹಾಕಬೇಕು ಎಂದರು ಕಾಕಾ, ಒಂದಿಷ್ಟೂ ಅಳುಕದೆ. ಸಾಹೇಬರು ನಕ್ಕರು, ಚಹಾ ಕುಡಿದರು, ಅರ್ಜಿಯನ್ನು ಜೀಪಿನ ಹಿಂದಿನ ಸೀಟಿನ ಮೇಲೆ ಇಟ್ಟು ಹೋದರು. ಅಷ್ಟೇ…

ಬೇಸಿಗೆ ಏರುವ ಹೊತ್ತಿಗೆ ಹೊನವಾಡದ ಬಾವಿಗೆ ನೀರು ಬಿತ್ತು. ಮುದುಕಿ ಹೇಳಿ ಕಳಿಸಿದಳು, ಕಾಕಾ ನನ್ನನ್ನೂ ಕರೆದುಕೊಂಡು ಹೋದರು. ಅವಳು ಮೊದಲ ತಂಬಿಗೆಯನ್ನು ಅವರ ಕೈಗೇ ಕೊಟ್ಟಳು. ಎತ್ತಿ ಕುಡಿದು, ಸ್ಟೇಷನ್ ಆಗಿದ್ದರೆ ಇಷ್ಟು ತಂಪು ನೀರು ಇಲ್ಲಿ ಸಿಗುತ್ತಿರಲಿಲ್ಲ ಎಂದು ಅವರು ತೀರ್ಪು ಕೊಟ್ಟರು. ಮುಂದಿನ ಅರ್ಜಿಯಲ್ಲಿ ಮಾರ್ಗ ನೆಟ್ಟಗಿರುತ್ತದೆ ಎಂದು ಮರಳುವ ಬಸ್ಸಿನಲ್ಲಿ ಹೇಳಿದರು. ಅಂಥ ಮನುಷ್ಯನ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ ಎಂದು ನನಗೆ ಅಂದು ಬಹಳ ಹೆಮ್ಮೆಯಾಗಿತ್ತು.

ಆಮೇಲೆ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಅರವತ್ತರ ದಶಕ ಮುಗಿಯುತ್ತಿದ್ದಾಗ ಕಾಕಾ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು, ನಾನು ಹೋಗುವಷ್ಟರಲ್ಲಿ ದಿನಕರ್ಮಗಳೆಲ್ಲ ಮುಗಿದಿದ್ದವು. ಗಿರಣಿ ನಿಂತಿತ್ತು. ಕಾಕಿ ಕಂಬಕ್ಕೆ ಒರಗಿ ಕೂತಿದ್ದರು, ನಾನು ಎದುರಿಗೆ ಕೂತೆ. ಅವರೇ ಮಾತು ತೆಗೆದರು.

"ಕಡೀ ದಿನಾ ಕಣ್ಣ ಬಿಟ್ಟು, ರೈಲು ಬಂತೇನ ಅಂತ ಕೇಳಿದ್ರು. ಬಂತರಿ, ತಿಕೋಟಾಕ್ಕ ಬಂದು ನಿಂತೈತಿ ಅಂದೆ. ನೆಟ್ಟಗ ಬಂತೇನ ಅಂದ್ರು. ಹೂಂ ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. "ಆ ಮನಷ್ಯಾ ಅಷ್ಟ ಮಂದಿ ಮುಂದ ಖರೇ ಹೇಳಿದಾಂವ. ನಾ ಸುಳ್ಳ ಹೇಳಿ ಕಳಿಸೇನಿ. ತಪ್ಪ ಆತೇನ್ರಿ ಮಾಸ್ತರ?"

ನಾನು ನಿಂತ ಗಿರಣಿಯ ಕಡೆ ನೋಡಿದೆ. ಕಾಕಿ ಎದ್ದು ಚಹಾ ಇಡಲು ಒಳಗೆ ಹೋದರು.

ಈಗ ನಾನು ಮತ್ತೆ ಇಬ್ರಾಹಿಂಪುರದ ಮನೆಯಲ್ಲೇ ಇದ್ದೇನೆ. ದಿನವೂ ರೈಲು ಹೋಗುತ್ತವೆ, ಪಾತ್ರೆ ಅಲುಗಾಡುತ್ತವೆ. ತಿಕೋಟಾಕ್ಕೆ ಇವತ್ತಿಗೂ ಬಸ್ಸೇ. ಕಾಕಾನ ಕಡೆಯ ದಿನ ಅವರ ಪಕ್ಕದಲ್ಲಿ ನಾನು ಕೂತಿದ್ದರೂ, ಬಂತು ಕಾಕಾ, ನೆಟ್ಟಗೇ ಬಂತು ಎಂದೇ ಹೇಳುತ್ತಿದ್ದೆ. ಕಾಕಿ ಕೇಳಿದಾಗ ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳೋಣವೆಂದರೆ ಈಗ ಕಾಕಿಯೂ ಇಲ್ಲ.