ನಡುಕಟ್ಟಿ

ರಸ್ತೆಯ ನಡುವೆ ಗೋಡೆ ಕಟ್ಟಿಸಿದವರಿಗೆ ಕಟ್ಟೆ ಕಂಡಲ್ಲೆಲ್ಲ ಕೂಡುವ ನಮ್ಮ ಮಂದಿಯ ಚಟ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭ. ಜಹೀರಾಬಾದಿನ ನಮ್ಮ ಮನೆ ಬೊಂಬಾಯಿಗೆ ಹೋಗುವ ಹೆದ್ದಾರಿಗೆ ಮುಖ ಮಾಡಿತ್ತು. ಲಾರಿಗಳು ಎದುರುಬದುರಾಗಿ ಗುದ್ದುವುದು ಹೆಚ್ಚಾಗಿ, ಊರೊಳಗಿನ ರಸ್ತೆಗೆ ನಡುವೆ ಕಲ್ಲು ಸಿಮೆಂಟಿನ ಗೋಡೆ ಹಾಕಿದರು. ಗೋಡೆ ಅನ್ನುವುದೂ ದೊಡ್ಡ ಮಾತೇ. ಮೊಣಕಾಲೆತ್ತರ, ಮೊಳದಗಲ, ಮೇಲೆ ನುಣ್ಣಗೆ. ಸಂಜೆಯಾದರೆ ಮನೆಮುಂದಿನ ಕಟ್ಟೆಯ ಮೇಲೆ ಕೂತು ಹರಟುವ ಜನಕ್ಕೆ ಇನ್ನೇನು ಬೇಕು? ಕೆಲವೇ ದಿನಗಳಲ್ಲಿ ಅದಕ್ಕೆ ನಡುಕಟ್ಟಿ ಎಂದು ಹೆಸರು ಬಿತ್ತು.

ನನ್ನ ಅತ್ತೆ ಎಲೆಯಡಿಕೆ ಚೀಲ ಹಿಡಿದು ಮನೆಯ ನೇರಕ್ಕೇ ಜಾಗ ಹಿಡಿದರು. ಎರಡೂ ಕಡೆಯಿಂದ ಗಾಳಿ ಬರುತ್ತದೆಂದು ಅವರ ವಾದ. ಬರುತ್ತಿತ್ತು ನಿಜ, ಲಾರಿಗಳದ್ದು. ಪ್ರತಿ ಹಾರ್ನಿಗೂ ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದೆ. ಒಳಗೆ ರೊಟ್ಟಿ ಹೊತ್ತುತ್ತಿತ್ತು. ಗಂಡನಿಗೆ ರೊಟ್ಟಿಯ ಚಿಂತೆ, ನನಗೆ ಅವರ ತಾಯಿಯದ್ದು.

“ಅದು ಕೂಡಾಕ ಕಟ್ಟಿದ್ದಲ್ಲರಿ ಅತ್ತಿ.”

“ಮತ್ತ? ಅಷ್ಟು ರೊಕ್ಕಾ ಸುರದು ಸರ್ಕಾರ ಸುಮ್ನ ಕಟ್ಟ್ಯಾದೇನು?”

ಅವರೊಡನೆ ವಾದಿಸುವುದು ಬಿಟ್ಟು, ಕೆಲಸ ನೋಡಲು ಬಂದ ಓವರ್ಸಿಯರನನ್ನು ಹಿಡಿದೆ.

“ಸಾಹೇಬ್ರ, ಇನ್ನೊಂದು ಮೊಳ ಎತ್ತರ ಮಾಡ್ರಿ. ಮಂದಿ ಕೂಡೋದು ಬಿಡ್ತಾರ.”

“ಮಂಜೂರಾದ ರೊಕ್ಕಾ ಇಷ್ಟೇ ಅದ, ನೋಡಮ್ಮಾ. ಎತ್ತರ ಮಾಡಿದ್ರ ಅರ್ಧ ಊರಿಗೇ ಗ್ವಾಡಿ ಮುಗೀತದ.”

ಸಿರ್ಗಾಪುರದ ನನ್ನ ತವರಿನಲ್ಲಿ ಕುರಿ ಸಾಕುತ್ತಿದ್ದರು. ಕುರಿದೊಡ್ಡಿಯ ಗೋಡೆ ಏರಿ ನಾಯಿ ನಿಲ್ಲಬಾರದೆಂದು ಅಪ್ಪ ಅದರ ತಲೆಯನ್ನು ಎರಡೂ ಕಡೆ ಇಳಿಜಾರು ಮಾಡಿ ಮೆತ್ತುತ್ತಿದ್ದ. ಅದನ್ನೇ ಹೇಳಿದೆ. ತಾನೂ ಅದನ್ನೇ ಯೋಚಿಸಿದ್ದಾಗಿ ಓವರ್ಸಿಯರ್ ಗತ್ತಿನಿಂದ ಹೇಳಿ, ಉಳಿದಿದ್ದ ಸಿಮೆಂಟಿನಲ್ಲಿ ಮಾಡಿಸಿಬಿಟ್ಟ.

ಅತ್ತೆ ಕೂಡಲು ಹೋಗಿ ಜಾರಿದರು. ಇದು ಯಾರ ತಲೆ ಎಂದು ವಿಚಾರಿಸಿಕೊಂಡೇ ಮನೆಗೆ ಬಂದರು.

“ನಾಯಿ ಏರಬಾರದಂತ ನಿಮ್ಮಪ್ಪ ಮಾಡಿದ. ಅತ್ತಿ ಏರಬಾರದಂತ ನೀ ಮಾಡಿಸಿದಿ.”

ಆಮೇಲೆ ನನ್ನೊಡನೆ ಮಾತೇ ಬಿಟ್ಟರು. ಸಾರಿಗೆ ಉಪ್ಪು ಕಡಿಮೆಯಾದರೆ ಅಂಗಳದಲ್ಲಿ ನಿಂತ ಆಡಿನ ಮುಂದೆ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳಬೇಕು. ಸಂಜೆ ಮನೆಯ ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಹಾಕಿ ಕೂಡುತ್ತಿದ್ದರು. ನನಗೂ ಸಿಟ್ಟಿತ್ತು. ಆದರೂ ಹಾರ್ನ್ ಕೇಳಿದರೆ ಕಾಲು ತಾನಾಗಿ ಬಾಗಿಲಿಗೆ ಹೋಗುತ್ತಿತ್ತು.

ಹಾಗೆ ಹೋದ ಒಂದು ಸಂಜೆ, ಆಚೆ ಬದಿಯ ಲಾರಿಯೊಂದು ತನ್ನ ದಾರಿ ಬಿಟ್ಟು ನೇರ ನಮ್ಮ ಮನೆಯತ್ತ ತಿರುಗಿದ್ದು ಕಂಡಿತು. ಲಾರಿ ಗೋಡೆಗೆ ಗುದ್ದಿ, ಮುಂದಿನ ಗಾಲಿ ಅದರ ಮೇಲೇರಿ, ವಾಲಿ, ಅಲ್ಲೇ ನಿಂತಿತು. ಹಣೆ ಒಡೆದುಕೊಂಡ ಡ್ರೈವರ್ ಇಳಿದು ಬಂದು ನಮ್ಮಲ್ಲೇ ನೀರು ಕುಡಿದ. ಅತ್ತೆಗೆ ಕಟ್ಟೆಯಿಂದ ಏಳಲೂ ಆಗಿರಲಿಲ್ಲ. ಕತ್ತು ಹೊರಳಿಸಿ ನೋಡಿದರು. ಗಾಲಿ ಏರಿದ್ದು ಅವರು ಮೊದಲು ಕೂಡುತ್ತಿದ್ದಲ್ಲೇ. ಆ ಗೋಡೆ ಇರದಿದ್ದರೆ ಲಾರಿ ಬಂದು ನಿಲ್ಲುತ್ತಿದ್ದುದು ಅವರು ಈಗ ಕೂತಲ್ಲಿ.

“ನನ್ನ ಜಾಗಾ ಲಾರಿ ಹಿಡೀತು,” ಅಂದರು. ಆಡು ಹಿತ್ತಲಲ್ಲಿತ್ತು. ಮಾತು ನನಗೇ ಹೇಳಿದ್ದು.

ಆಮೇಲೆ ಎಲೆಯಡಿಕೆ ಚೀಲ ಬದಿಗೆ ಸರಿಸಿದರು. “ಬಾ, ಕೂಡು.”

ಅತ್ತೆಯ ಸಮಕ್ಕೆ ಸೊಸೆ ಬೀದಿಕಟ್ಟೆಯ ಮೇಲೆ ಕೂಡುವ ರೂಢಿ ನಮ್ಮಲ್ಲಿರಲಿಲ್ಲ. ಆದರೂ ಕೂತೆ. ಅವರು ನನ್ನ ಮುಂಗೈ ಹಿಡಿದುಕೊಂಡರು. ಒಳಗಿನಿಂದ ವಾಸನೆ ಬಂತು. ಏಳಲು ಹೋದರೆ ಕೈ ಬಿಡಲಿಲ್ಲ.

“ರೊಟ್ಟಿ ಹೊತ್ತಲಿ,” ಅಂದರು. “ನೀ ಕೂಡು.”